ನೀಲಿ ಸಿಲಿಕಾ ಜೆಲ್: ಬಣ್ಣವನ್ನು ಎಷ್ಟು ನಂಬಬಹುದು?

ಡೆಸಿಕೇಟರಿನ (ಮಾದರಿಗಳನ್ನು ತೇವವಿಲ್ಲದಂತೆ ಇಡುವ ಮುಚ್ಚಿದ ಪಾತ್ರೆ) ತಳಕ್ಕೆ ಸುರಿಯುವ ನೀಲಿ ಮಣಿಗಳಲ್ಲಿ ತೇವ ಹೀರುವುದು ಸಿಲಿಕಾ. ಕೋಬಾಲ್ಟ್ ಕ್ಲೋರೈಡ್ ಇರುವುದು ಬಣ್ಣ ತೋರಿಸುವುದಕ್ಕಷ್ಟೇ. ಒಣಗಿದ್ದಾಗ ಕೋಬಾಲ್ಟಿಗೆ ಕ್ಲೋರೈಡ್ ಅಂಟಿಕೊಂಡಿರುತ್ತದೆ, ಬಣ್ಣ ಕಡುನೀಲಿ. ತೇವ ಏರಿದಂತೆ ಆರು ನೀರಿನ ಅಣುಗಳು ಕೋಬಾಲ್ಟನ್ನು ಸುತ್ತುವರಿಯುತ್ತವೆ, ಆಗ ತಿಳಿಗುಲಾಬಿ. ಈ ಬದಲಾವಣೆ ಮಂದ ಬೆಳಕಿನಲ್ಲೂ ಕಣ್ಣಿಗೆ ಹೊಡೆಯುತ್ತದೆ. ಈ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ.

ಕೊಳ್ಳುವುದಾದರೆ 2–5 ಮಿ.ಮೀ. ದುಂಡು ಮಣಿಗಳನ್ನೇ ಕೊಳ್ಳಿ. ಒಡೆದ ಹರಳಿನ ರೂಪದ್ದು ಅಗ್ಗವಾದರೂ ತಳದಲ್ಲಿ ಪುಡಿ ಕೂರುತ್ತದೆ. ಕೋಬಾಲ್ಟ್ ಕ್ಲೋರೈಡಿನ ದೂಳು ಉಸಿರಿಗೆ ಹೋಗಬಾರದು, ಅದು ಕ್ಯಾನ್ಸರ್‌ಕಾರಕ. ಯುರೋಪ್ ಒಕ್ಕೂಟ 2008ರಲ್ಲೇ ಅದನ್ನು ತೀವ್ರ ಕಳವಳದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕೈಗವಸು ಹಾಕಿಕೊಂಡೇ ಸುರಿಯಿರಿ. ಹಾಳಾದದ್ದು ಸಿಂಕಿಗಲ್ಲ, ಭಾರಲೋಹದ ತ್ಯಾಜ್ಯದ ಡಬ್ಬಕ್ಕೆ.

ಮರುಬಳಕೆಗೆ ತಟ್ಟೆಯಲ್ಲಿ 1–2 ಸೆಂ.ಮೀ. ಪದರವಾಗಿ ಹರಡಿ 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ನೀಲಿಯಾದ ಕೂಡಲೇ ಹೊರತೆಗೆಯುವುದು ಎಲ್ಲರೂ ಮಾಡುವ ತಪ್ಪು: ಒಳಗಿನ ತೇವ ಪೂರ್ತಿ ಹೋಗುವ ಮೊದಲೇ ಬಣ್ಣ ಮರಳಿರುತ್ತದೆ. ಒದ್ದೆ ಮಣಿಗಳನ್ನು ಕಾದ ಓವನ್ನಿಗೆ ನೇರವಾಗಿ ತಳ್ಳಿದರೆ ಚಟಚಟನೆ ಸೀಳುತ್ತವೆ. ಉರಿ ಅತಿಯಾದರೆ ಕಪ್ಪಾಗುತ್ತವೆ. ಕಪ್ಪಾದದ್ದು ಮತ್ತೆ ಬಣ್ಣ ತೋರಿಸುವುದಿಲ್ಲ. ತಣ್ಣಗಾಗುವಾಗ ಮುಚ್ಚಿಡಿ, ಇಲ್ಲದಿದ್ದರೆ ಪಟ್ಟ ಶ್ರಮವೆಲ್ಲ ಗಾಳಿಯ ತೇವಕ್ಕೆ ಹೋಯಿತು.

ಬಣ್ಣ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬಿಡುವ ಮಾದರಿಯನ್ನು ಇಟ್ಟರೆ ಹೆಚ್ಚುವರಿ ಕ್ಲೋರೈಡ್ ಕೋಬಾಲ್ಟನ್ನು ನೀಲಿಯತ್ತಲೇ ಎಳೆಯುತ್ತದೆ. ಒದ್ದೆಯಾಗಿದ್ದರೂ ಒಣಗಿದಂತೆ ಕಾಣಬಹುದು. ಅಮೋನಿಯಾ ಇದ್ದರೆ ಅದು ಕೋಬಾಲ್ಟಿಗೆ ಕಟ್ಟಿಕೊಂಡು ಕಂದು ಛಾಯೆ ಬರುತ್ತದೆ. ಇಂಥ ಕಡೆ ತೂಕವನ್ನು ನಂಬಿ, ಬಣ್ಣವನ್ನಲ್ಲ. ಹೆಚ್ಚು ತೇವದಲ್ಲಿ ಸಿಲಿಕಾ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ನೀರು ಹಿಡಿಯುತ್ತದೆ. ಸಾಪೇಕ್ಷ ಆರ್ದ್ರತೆ ಶೇ. 20ಕ್ಕೆ ಇಳಿದರೆ ಹತ್ತನೇ ಒಂದರಷ್ಟು ಮಾತ್ರ. ದ್ರಾವಕಗಳನ್ನು ಪೂರ್ತಿ ಒಣಗಿಸಲು ಇದು ಸಾಲದು, 3ಎ ಮಾಲಿಕ್ಯುಲರ್ ಸೀವ್ (ನೀರಿನ ಅಣು ಹಿಡಿಯುವಷ್ಟೇ ಸಣ್ಣ ರಂಧ್ರಗಳ ಒಣಕಾರಿ) ಬೇಕು.

ಡೆಸಿಕೇಟರಿಗೆ ಇಡೀ ಡಬ್ಬ ನೀಲಿ ತುಂಬುವ ಅಗತ್ಯವೂ ಇಲ್ಲ. ಬಿಳಿ ಜೆಲ್ ಹಾಕಿ ಮೇಲೆ ಒಂದು ಹಿಡಿ ನೀಲಿ ಉದುರಿಸಿದರೆ ಸಾಕು. ಅನಿಲ ಒಣಗಿಸುವ ಗಾಜಿನ ಕೊಳವೆಯಲ್ಲಾದರೆ ನೀಲಿಯನ್ನು ಹೊರಬಾಯಿಯ ಕಡೆ ಇಡಿ. ಗುಲಾಬಿ ಅಂಚು ಅಲ್ಲಿಗೆ ತಲುಪಿತೆಂದರೆ ಹಿಂದಿನ ಬಿಳಿಯದ್ದು ಆಗಲೇ ತುಂಬಿದೆ ಎಂದರ್ಥ.

ಕಿತ್ತಳೆ ಬಣ್ಣದ 'ಕೋಬಾಲ್ಟ್‌ರಹಿತ' ಜೆಲ್‌ಗಳಲ್ಲಿ ಎರಡು ಬಗೆ. ಕಬ್ಬಿಣದ ಲವಣದ್ದು ಕಿತ್ತಳೆ-ಹಳದಿಯಿಂದ ಪೇಲವವಾಗುತ್ತದೆ, ವ್ಯತ್ಯಾಸ ಗುರುತಿಸಲು ಬಿಳಿ ಕಾಗದ ಹಿಡಿದು ನೋಡಬೇಕು. ಮಿಥೈಲ್ ವಯೊಲೆಟ್‌ನದ್ದು ಹಸಿರಿಗೆ ತಿರುಗುತ್ತದೆ, ಚೆನ್ನಾಗಿ ಕಾಣುತ್ತದೆ. ಆದರೆ ಬಣ್ಣ ಸಾವಯವದ್ದಾದ್ದರಿಂದ ಓವನ್ 120 ದಾಟಿದರೆ ಕೆಡುತ್ತದೆ. ಡಬ್ಬದ ಮೇಲೆ ಯಾವುದೆಂದು ಬರೆದಿರದಿದ್ದರೆ ಸುರಕ್ಷತಾ ಪತ್ರ ನೋಡಿಯೇ ಕಾಯಿಸಿ.