ಎಣ್ಣಿ ಅಂಗಡಿ: ಉದ್ರಿ ಇಲ್ಲ, ಪಕ್ಕಾ ಬಿಲ್ ಐತಿ

ಹಾವೇರಿ ತಾಲೂಕಿನ ಹಳ್ಳಿ ನಮ್ದು, ಗ್ವಾಂಜಾಳ (ಮೆಕ್ಕೆಜೋಳ), ಹತ್ತಿ ಬಿಟ್ರ ಬ್ಯಾರೆ ಪೀಕು ಕಡಿಮಿ. ಊರಾಗ ಸಂತಿ ಬಯಲಿನ ಬಾಜೂಕ ಇರೋ ಸಣ್ಣ ಎಣ್ಣಿ ಅಂಗಡಿ, ಅಂದ್ರ ಬೆಳಿಗೆ ಹೊಡಿಯೋ ಕೀಟನಾಶಕದ ಅಂಗಡಿ ಬಗ್ಗೆ ಬರೀತೀನಿ.

ಮೊದ್ಲು ನಾನೂ ಅಲ್ಲಿಗೆ ಹೋಗ್ತಿರ್ಲಿಲ್ಲ, ಪ್ಯಾಟ್ಯಾಗ ಒಂದ್ ದೊಡ್ಡ ಅಂಗಡಿ ಐತಿ, ಉದ್ರಿ ಕೊಡ್ತಾರ ಅಂತ ಅಲ್ಲೇ ರೂಢಿ. ಹ್ವಾದ್ ವರ್ಷ ಗ್ವಾಂಜಾಳದ ಸುಳಿಯಾಗ ಸೈನಿಕ ಹುಳ ಬಿತ್ತು, ಅಲ್ಲಿ ಹೋಗಿ ಹೇಳಿದ್ರ ಸುಳಿ ಫೋಟೋ ಸೈತ ನೋಡಲಾರ್ದ ಮೂರು ಡಬ್ಬಿ ಕೈಯಾಗಿಟ್ರು, ಮ್ಯಾಲೊಂದು ಟಾನಿಕ್ ಬ್ಯಾರೆ, ಎಲ್ಲಾ ಕಲಿಸಿ ಹೊಡಿ ಅಂದ್ರು. ಹೊಡದೆ. ಹುಳ ಆರಾಮ ಇದ್ವು. ಕೇಳಾಕ ಹ್ವಾದ್ರ ಬಿಲ್ ತೋರ್ಸು ಅಂದ್ರು, ನನ್ನ ಕಡೆ ಇದ್ದದ್ದು ಬರೇ ಟೋಟಲ್ ಬರದ ಚೀಟಿ, ಬ್ಯಾಚ್ ನಂಬರ್ ಇಲ್ಲ ಏನಿಲ್ಲ. ಮುಗೀತು ಕಥಿ.

ಈ ಸಲ ನಮ್ಮೂರ ಅಂಗಡಿಗೆ ಹ್ವಾದೆ. ಅಂಗಡಿ ಅಣ್ಣಾರು ಮೊದ್ಲು ಕೇಳಿದ್ದು "ಬೆಳಿ ಎಷ್ಟ್ ದಿನದ್ದು, ಸುಳಿ ಕಿತ್ಕೊಂಡ್ ಬಂದೀಯೇನು?" ಅಂತ. ಇಮಾಮೆಕ್ಟಿನ್ ಪುಡಿ ಒಂದೇ ಕೊಟ್ರು, ಲೀಟರಿಗೆ 0.4 ಗ್ರಾಂ, ಅಂದ್ರ 16 ಲೀಟರ್ ಕ್ಯಾನಿಗೆ ಆರೂವರಿ ಗ್ರಾಂ ಹತ್ರ, ಸಂಜಿಮುಂದ ಸುಳಿಯೊಳಗ ಬೀಳೋ ಹಂಗ ಹೊಡಿ ಅಂದ್ರು. ಟಾನಿಕ್ ಬೇಕೇನ್ರಿ ಅಂತ ನಾನೇ ಕೇಳಿದ್ರ ಬ್ಯಾಡ ಅಂದ್ರು ನೋಡ್ರಿ! ಬಿಲ್ಲಿನ್ಯಾಗ ಬ್ಯಾಚ್, ಎಕ್ಸ್‌ಪೈರಿ, ಜಿಎಸ್‌ಟಿ 18% ಎಲ್ಲಾ ಇತ್ತು. ಪ್ಯಾಟಿಗಿಂತ ಸ್ವಲ್ಪ ತುಟ್ಟಿ, ಖರೆ.

ಲೈಸೆನ್ಸ್ ಗೋಡಿಗೆ ಎದ್ರಿಗೇ ತೂಗು ಹಾಕ್ಯಾರ. ತುಟ್ಟಿ ಯಾಕಂದ್ರ ಇದ್ರ ಫೀ ನಮ್ಮ ಮ್ಯಾಲ ಹಾಕ್ತೀರೇನು ಅಂತ ಚಾಷ್ಟಿ ಮಾಡ್ದೆ, ನಕ್ಕು ಲೆಕ್ಕ ಹೇಳಿದ್ರು: ಹಳ್ಳಿ ಅಂಗಡಿಗೆ ಒಂದೊಂದು ಕೀಟನಾಶಕಕ್ಕ 100 ರೂಪಾಯಿ, ಎಷ್ಟ್ ಐಟಂ ಇಟ್ರೂ 1500ರ ಮ್ಯಾಲ ಇಲ್ಲ, ಪ್ಯಾಟ್ಯಾಗ ಆದ್ರ 500 ಮತ್ತ 7500. ಫೀ ಏನ್ ಭಾರ ಅಲ್ಲಂತ, ಕಂಪನಿ ಕಂಪನಿಗೂ ಪಿಸಿ (ತಮ್ಮ ಮಾಲು ಮಾರಾಕ ಕಂಪನಿ ಕೊಡೋ ಪತ್ರ) ತಂದು ಲೈಸೆನ್ಸಿಗೆ ಸೇರ್ಸೋದ್ರಾಗ ಚಪ್ಲಿ ಸವೀತಾವಂತ. ಮತ್ತ ಕೃಷಿ ಡಿಗ್ರಿ ಇಲ್ಲ ಅಂತ ದೇಸಿ (DAESI) ಅಂತ ಬೀಜ-ಗೊಬ್ಬರ-ಔಷಧ ಮಾರೋರಿಗಿರೋ ಡಿಪ್ಲೊಮಾ ಮಾಡ್ಯಾರ, 48 ವಾರದ್ದು, ಆಗ ಅದ್ರ ಫೀನೇ 20,000 ಇತ್ತಂತ. ಆ ವರ್ಷ ಭಾನುವಾರ ಬಂದಾಗೆಲ್ಲಾ ಅಂಗಡಿ ಬಾಗ್ಲು ಹಾಕಿರ್ತಿತ್ತು, ನಾವು ಬೈಕೋತ ವಾಪಸ್ ಬರ್ತಿದ್ವಿ, ಕ್ಲಾಸಿಗೆ ಹೋಗ್ತಾರ ಅಂತ ಯಾರಿಗ್ ಗೊತ್ತು.

ನಮ್ಮ ಕಾಕಾಗ ಮಾತ್ರ ಈ ಅಂಗಡಿ ಅಂದ್ರ ಸಿಟ್ಟು. ಹತ್ತಿಗೆ ಮೊನೊಕ್ರೋಟೋಫಾಸ್ ಅನ್ನೋ ಕೀಟನಾಶಕ ಬೇಕು ಅಂದ್ರು, ಇಲ್ಲ ಅಂದ್ರು ಅಣ್ಣಾರು. ತರಕಾರಿಗೆ 2005ರಾಗೇ ಬಂದ್ ಆಗಿತ್ತು, 2023ರಾಗ ಅದ್ರ 36 ಎಸ್‌ಎಲ್ (36% ದ್ರಾವಣ) ಪೂರಾ ನಿಷೇಧ ಆತು, ಕೆಂಪು ತ್ರಿಕೋನದ ಡಬ್ಬಿ ಅದು, ಅಂದ್ರ ಭಾಳ ವಿಷ ಅಂತ ಸಮಾಧಾನದಿಂದ ಹೇಳಿದ್ರೂ ಕಾಕಾ "ನಾ ಮೂವತ್ತ್ ವರ್ಷ ಹೊಡದೀನಿ, ನನಗೇನಾಗೇತಿ" ಅಂತ ಎದ್ದು ಬಂದ್ರು.

ನನ್ನ ತಕರಾರು ಎರಡು. ಉದ್ರಿ ಒಂದ್ ಪೈಸಾ ಇಲ್ಲ, ಹಂಗಾಮಿನ್ಯಾಗ ರೈತನ ಕೈಯಾಗ ರೊಕ್ಕ ಎಲ್ಲಿಂದ ಬರ್ಬೇಕು? ಇನ್ನೊಂದು, ಕೈಗವಸು ಹಾಕ್ಕೊಂಡು ಹೊಡಿ ಅಂತ ಅರ್ಧ ತಾಸು ಹೇಳ್ತಾರ, ಸರಿ ಕೊಡ್ರಿ ಒಂದ್ ಜೋಡಿ ಅಂದ್ರ ಸ್ಟಾಕ್ ಇಲ್ಲ ಅಂತಾರ, ಎರಡ್ ಸಲ ಕೇಳೀನಿ. ಐದಕ್ಕ ನಾಕು ಸ್ಟಾರ್.