ಸೆಕೆಂಡ್ ಹ್ಯಾಂಡ್ ಸರ್ವರ್ ತಂದವರೇ, ರ‍್ಯಾಮ್ ಕೆಟ್ಟ ಸುದ್ದಿ ಯಾರಿಗೆ ಹೋಗುತ್ತಿದೆ ನೋಡಿಕೊಳ್ಳಿ

ದಾವಣಗೆರೆ, ಚಿತ್ರದುರ್ಗದ ಕಡೆ ಮಂಡಿ, ಎಣ್ಣೆ ಮಿಲ್ಲು, ನರ್ಸಿಂಗ್ ಹೋಮುಗಳಲ್ಲಿ ಬೆಂಗಳೂರಿನಿಂದ ತಂದ ಹಳೇ ಸರ್ವರ್‌ಗಳು ಕೆಲಸ ಮಾಡುತ್ತಿವೆ. ಡೇಟಾ ಸೆಂಟರಿನಲ್ಲಿ ನಾಲ್ಕೈದು ವರ್ಷ ದುಡಿದ ಯಂತ್ರ, ಕಡಿಮೆ ಬೆಲೆ, ದೋಷ ತಿದ್ದುವ ಇಸಿಸಿ ರ‍್ಯಾಮ್. ತರುವುದರಲ್ಲಿ ತಪ್ಪೇನಿಲ್ಲ. ಆದರೆ ಅದರ ಬಯಾಸ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್) ಸೆಟ್ಟಿಂಗ್ ಹಳೇ ಮಾಲೀಕರ ಅನುಕೂಲಕ್ಕೆ ಮಾಡಿದ್ದು. ದಾವಣಗೆರೆಯ ಒಂದು ಮೆಕ್ಕೆಜೋಳ ವ್ಯಾಪಾರದ ಕಚೇರಿಯವರು ಇದೊಂದನ್ನು ನೋಡದೆ ಬಿಟ್ಟರು. ಸುಗ್ಗಿಯ ನಡುವೆ ಎರಡು ದಿನದ ತೂಕದ ಲೆಕ್ಕವನ್ನೆಲ್ಲ ಚೀಟಿ ನೋಡಿಕೊಂಡು ಮತ್ತೆ ಹೊಡೆಯಬೇಕಾಯಿತು.

ಮೊದಲು ಕಂಡ ಲಕ್ಷಣ ಬಹಳ ಸಣ್ಣದು. ತೂಕದ ಕೌಂಟರಿನಲ್ಲಿ ಎಂಟರ್ ಒತ್ತಿದರೆ ಪರದೆ ಒಂದು ಗಳಿಗೆ ನಿಲ್ಲುತ್ತಿತ್ತು. "ಮತ್ ನಿಂತೈತ್ರಿ" ಅಂತ ಕೌಂಟರಿನವರು ಕೂಗುವಷ್ಟರಲ್ಲಿ ಸರಿಹೋಗಿರುತ್ತಿತ್ತು. ಲಿನಕ್ಸಿನ ಟಾಪ್ (top) ಆಜ್ಞೆಯಲ್ಲಿ ನೋಡಿದರೆ ಸಿಪಿಯು ಖಾಲಿ, ಡಿಸ್ಕ್ ಖಾಲಿ. ನೆಟ್‌ವರ್ಕ್ ಇರಬೇಕೆಂದು ಸ್ವಿಚ್ ಬದಲಾಯಿಸಿದರು, ಕೇಬಲ್ ಹೊಸದಾಗಿ ಎಳೆಸಿದರು. ದಿನಾ ಬೆಳಿಗ್ಗೆ ಎಡ್ಯಾಕ್‌ನ (EDAC, ಮೆಮೊರಿ ದೋಷ ಎಣಿಸುವ ಲಿನಕ್ಸಿನ ಭಾಗ) ಎಣಿಕೆ ಓದುವ ಸ್ಕ್ರಿಪ್ಟ್ ಒಂದಿತ್ತು. ಅದು ವಾರಗಟ್ಟಲೆ 0 ಎಂದೇ ಹೇಳಿತು. ಒಂದು ರಾತ್ರಿ ಸರ್ವರ್ ಪ್ಯಾನಿಕ್ ಆಗಿ ಬಿತ್ತು. ಮೂರನೇ ಸಲ ಬಿದ್ದು ಎದ್ದಾಗ ಡೇಟಾಬೇಸಿನ ಒಂದು ಫೈಲ್ ತೆರೆಯಲಿಲ್ಲ. ಇದ್ದ ಬ್ಯಾಕಪ್ ಎರಡು ದಿನ ಹಳೆಯದು.

ಆ 0 ಯಾಕೆ ಸುಳ್ಳಾಯಿತು ಎನ್ನುವುದೇ ಮುಖ್ಯ. ಇಸಿಸಿ ರ‍್ಯಾಮ್‌ನಲ್ಲಿ ಸಾಮಾನ್ಯವಾಗಿ 64 ಬಿಟ್ ಡೇಟಾಕ್ಕೆ 8 ಬಿಟ್ ಕಾವಲು. ಒಂದು ಬಿಟ್ ತಪ್ಪಿದರೆ ಮೆಮೊರಿ ಕಂಟ್ರೋಲರ್ ಅದನ್ನು ತಿದ್ದಿ ಪ್ರೊಸೆಸರಿನ ಮೆಷಿನ್ ಚೆಕ್ ಬ್ಯಾಂಕಿನಲ್ಲಿ (ದೋಷ ದಾಖಲಿಸುವ ರಿಜಿಸ್ಟರುಗಳಲ್ಲಿ) ಗುರುತು ಹಾಕುತ್ತದೆ. ಆ ಗುರುತನ್ನು ಮೊದಲು ಓದಿದವರು ಅಳಿಸಿಬಿಡುತ್ತಾರೆ. ಓಎಸ್‌ಗೆ ಮೊದಲ ಹಕ್ಕಿದ್ದರೆ (ಓಎಸ್ ಫಸ್ಟ್) ಲಿನಕ್ಸ್ ಓದುತ್ತದೆ. ಬಯಾಸಿಗೆ ಮೊದಲ ಹಕ್ಕಿದ್ದರೆ (ಫರ್ಮ್‌ವೇರ್ ಫಸ್ಟ್) ಎಸ್‌ಎಂಐ (SMI) ಎಂಬ, ಕೆಲಸ ತಡೆದು ಬಯಾಸನ್ನು ಕರೆಯುವ ಇಂಟರಪ್ಟ್ ಬಂದು ಎಲ್ಲ ಕೋರ್‌ಗಳೂ ನಿಲ್ಲುತ್ತವೆ. ಬಯಾಸ್ ಗುರುತನ್ನು ಓದಿ, ಅಳಿಸಿ, ಬಿಎಂಸಿಯ (BMC, ಸರ್ವರಿನ ಮೇಲೆ ಕಣ್ಣಿಡುವ ಬೇರೆ ಚಿಪ್) ಈವೆಂಟ್ ಲಾಗಿನಲ್ಲಿ ಬರೆಯುತ್ತದೆ. ತಿದ್ದಿದ ದೋಷಗಳ ಸಂಖ್ಯೆ ಅದರ ಮಿತಿ ದಾಟುವವರೆಗೆ ಓಎಸ್‌ಗೆ ಮಾತೇ ಇಲ್ಲ. ಕೆಲವು ಬೋರ್ಡುಗಳಲ್ಲಿ ದಾಟಿದ ಮೇಲೂ ಇಲ್ಲ. ಕೌಂಟರಿನಲ್ಲಿ ಪರದೆ ನಿಲ್ಲುತ್ತಿದ್ದುದು ಈ ಎಸ್‌ಎಂಐಗಳ ಮಳೆಯಿಂದ. ಓಎಸ್‌ನ ಕೆಳಗೆ ಹೋಗುವ ಸಮಯವಾದ್ದರಿಂದ ಟಾಪ್‌ಗೆ ಕಾಣುವುದಿಲ್ಲ. ಇಂಟೆಲ್ ಯಂತ್ರವಾದರೆ ಟರ್ಬೋಸ್ಟ್ಯಾಟ್ (turbostat) ಓಡಿಸಿ ಎಸ್‌ಎಂಐ ಕಾಲಂ ನೋಡಿ. ಅಲ್ಲಿನ ಅಂಕಿ ಏರುತ್ತಲೇ ಇದ್ದರೆ ಸ್ವಿಚ್ಚಿಗೆ ದುಡ್ಡು ಹಾಕಬೇಡಿ.

ಡೇಟಾ ಸೆಂಟರಿನಲ್ಲಿ ಬಿಎಂಸಿ ಲಾಗ್ ನೋಡಲು ಬೇರೆ ವ್ಯವಸ್ಥೆಯೇ ಇರುತ್ತದೆ, ಆದ್ದರಿಂದ ಅವರಿಗೆ ಫರ್ಮ್‌ವೇರ್ ಫಸ್ಟ್ ಸರಿ. ಈ ಕಚೇರಿಯಲ್ಲಿ ಬಿಎಂಸಿಯ ಲ್ಯಾನ್ ಪೋರ್ಟಿಗೆ ಹಾಕಿದ್ದ ರಬ್ಬರ್ ಮುಚ್ಚಳವನ್ನೇ ಯಾರೂ ತೆಗೆದಿರಲಿಲ್ಲ. ಕೊನೆಗೆ ಐಪಿಎಂಐಟೂಲ್‌ನಲ್ಲಿ (ipmitool) ಆ ಲಾಗ್ ತೋರಿಸುವ sel elist ಆಜ್ಞೆ ಕೊಟ್ಟು ನೋಡಿದಾಗ ಒಂದೇ ಸ್ಲಾಟಿನ ಹೆಸರಲ್ಲಿ 'ಕರೆಕ್ಟಬಲ್ ಇಸಿಸಿ ಲಾಗಿಂಗ್ ಲಿಮಿಟ್ ರೀಚ್ಡ್' ಎಂಬ ಸಾಲು ಮತ್ತೆ ಮತ್ತೆ ಬಂದಿತ್ತು. ಆಮೇಲೆ ಲಾಗೇ ತುಂಬಿ ನಿಂತಿತ್ತು.

ಇದಕ್ಕೂ ಕೆಟ್ಟದ್ದು ಆಮೇಲೆ ಮಾಡಿದ ರಿಪೇರಿ. ಕರ್ನಲ್ ಸಾಲಿಗೆ ಜಿಎಚ್‌ಇಎಸ್ ಡಾಟ್ ಡಿಸೇಬಲ್ = 1 (ghes.disable=1) ಸೇರಿಸಿ "ಇನ್ನು ಓಎಸ್ಸೇ ನೋಡಿಕೊಳ್ಳುತ್ತದೆ" ಎಂದರು. ದಯವಿಟ್ಟು ಹಾಗೆ ಮಾಡಬೇಡಿ. ಅದು ಫರ್ಮ್‌ವೇರ್ ಹೇಳುವುದನ್ನು ಲಿನಕ್ಸ್ ಕೇಳಿಸಿಕೊಳ್ಳದಂತೆ ಮಾಡುತ್ತದೆ, ಅಷ್ಟೇ. ಫರ್ಮ್‌ವೇರ್ ಬ್ಯಾಂಕ್ ಓದುವುದನ್ನೂ ಅಳಿಸುವುದನ್ನೂ ಬಿಡುವುದಿಲ್ಲ. ಬದಲಾವಣೆ ಬಯಾಸಿನಲ್ಲೇ ಆಗಬೇಕು. ಮೆನುವಿನ ಹೆಸರು ಬೋರ್ಡಿಗೊಂದು: ಇಂಟೆಲ್ ಕಡೆ ಇಎಂಸಿಎ ಅಥವಾ ಸಿಎಂಸಿಐ-ಎಸ್‌ಎಂಐ ಮಾರ್ಫಿಂಗ್, ಎಎಂಡಿ ಕಡೆ ಪ್ಲಾಟ್‌ಫಾರ್ಮ್ ಫಸ್ಟ್ ಎರರ್ ಹ್ಯಾಂಡ್ಲಿಂಗ್.

ಈಗ ಯಾರ ಕೈಯಲ್ಲಿದೆ ಎಂದು ತಿಳಿಯಲು ಬೂಟ್ ಆದ ಕೂಡಲೇ ಡಿಮೆಸೇಜ್‌ನಲ್ಲಿ (dmesg, ಕರ್ನಲ್ ಸಂದೇಶಗಳ ಪಟ್ಟಿ) ಹೆಸ್ಟ್ (HEST) ಎಂದು ಹುಡುಕಿ. 'ಎನೇಬ್ಲಿಂಗ್ ಫರ್ಮ್‌ವೇರ್ ಫಸ್ಟ್ ಮೋಡ್ ಫಾರ್ ಕರೆಕ್ಟೆಡ್ ಎರರ್ಸ್' ಎಂದಿದ್ದರೆ ನಿಮ್ಮ ಎಡ್ಯಾಕ್ ಎಣಿಕೆಯನ್ನು ನಂಬಬೇಡಿ. ಪಿಸಿಐಇ ಕಾರ್ಡುಗಳ ದೋಷದ ಹಂಚಿಕೆ ಬೇರೆ: ಅದೇ ಲಾಗಿನ 'ಓಎಸ್ ನೌ ಕಂಟ್ರೋಲ್ಸ್' ಸಾಲಿನಲ್ಲಿ ಎಇಆರ್ (AER, ಪಿಸಿಐಇ ದೋಷ ವರದಿ) ಇದ್ದರೆ ಅದು ಓಎಸ್ ಪಾಲು.

ಯಾವುದನ್ನು ಇಟ್ಟುಕೊಳ್ಳಬೇಕು? ಫರ್ಮ್‌ವೇರ್‌ಗೆ ಸ್ಲಾಟಿನ ಹೆಸರು ಖಚಿತವಾಗಿ ಗೊತ್ತು, ಓಎಸ್ ಸತ್ತರೂ ಲಾಗ್ ಉಳಿಯುತ್ತದೆ. ಓಎಸ್‌ಗೆ ಮೆಮೊರಿಯ ಯಾವ ಪುಟ (ಸಣ್ಣ ತುಂಡು) ಕೆಟ್ಟಿದೆ, ಅದನ್ನು ಬಳಸುವವರು ಯಾರು ಎಂಬುದು ಗೊತ್ತು. ದೋಷದ ಲೆಕ್ಕ ಇಡುವ ರಾಸ್‌ಡೀಮನ್ (rasdaemon) ಹಾಕಿದರೆ ಆ ಪುಟವನ್ನು ಬಳಕೆಯಿಂದ ತೆಗೆಯಬಹುದು (ಸಾಮಾನ್ಯ ಮಿತಿ 24 ಗಂಟೆಗೆ 50 ದೋಷ). ಬಿಎಂಸಿ ಲಾಗ್ ಓದುವವರಿಲ್ಲದ ಸಣ್ಣ ಕಚೇರಿಗೆ ಓಎಸ್ ಫಸ್ಟ್ ವಾಸಿ ಎನ್ನುವುದು ನಮ್ಮ ಅಭಿಪ್ರಾಯ. ಆದರೆ ರಾಸ್‌ಡೀಮನ್ ಹಾಕದೆ ಬಯಾಸ್ ಮಾತ್ರ ಬದಲಿಸಿದರೆ ಕೆಟ್ಟ ಪುಟಗಳ ಲೆಕ್ಕ ಇಡುವವರು ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಯಂತ್ರಗಳಲ್ಲಿ ಕೆಟ್ಟ ಚಿಪ್ಪನ್ನು ಪಕ್ಕಕ್ಕಿಡುವ ಸೌಲಭ್ಯ ಫರ್ಮ್‌ವೇರ್ ಫಸ್ಟ್ ಇದ್ದರಷ್ಟೇ ಸಿಗುತ್ತದೆ, ಬದಲಿಸುವ ಮುನ್ನ ಮ್ಯಾನ್ಯುಯಲ್ ಓದಿ. ಫರ್ಮ್‌ವೇರ್‌ಗೇ ಬಿಡುವುದಾದರೆ ಬಿಎಂಸಿ ಪೋರ್ಟಿಗೆ ಕೇಬಲ್ ಹಾಕಿ, ಅದರ ಗಡಿಯಾರ ಸರಿಮಾಡಿ, ಮೇಲ್ ಬರುವಂತೆ ಮಾಡಿ, ಲಾಗನ್ನು ನಕಲು ತೆಗೆದಿಟ್ಟುಕೊಂಡು ಖಾಲಿ ಮಾಡುತ್ತಿರಿ.

ಆಮೇಲೆ ಪರೀಕ್ಷಿಸಿ. ಭಾನುವಾರ, ಕೆಲಸವಿಲ್ಲದಾಗ, ಬ್ಯಾಕಪ್ ತೆಗೆದ ಮೇಲೆ. ಬಯಾಸಿನಲ್ಲಿ ಎರರ್ ಇಂಜೆಕ್ಷನ್ (ಬೇಕೆಂದೇ ದೋಷ ಹಾಕುವ ಸೌಲಭ್ಯ) ತೆರೆದು, ಲಿನಕ್ಸಿನ ಐಂಜ್ (einj) ಮಾಡ್ಯೂಲ್ ಲೋಡ್ ಮಾಡಿ, ಎರರ್ ಟೈಪ್ 8 ಕೊಡಿ. ಅದು ತಿದ್ದಬಹುದಾದ ಮೆಮೊರಿ ದೋಷ. ಸೆಕ್ಯೂರ್ ಬೂಟ್ ಇದ್ದರೆ ತಡೆಯಬಹುದು. ಫರ್ಮ್‌ವೇರ್ ಮಿತಿ ದೊಡ್ಡದಿದ್ದರೆ ಒಂದು ದೋಷಕ್ಕೆ ಏನೂ ಕಾಣುವುದಿಲ್ಲ, ಮಿತಿಯನ್ನು 1ಕ್ಕೆ ಇಳಿಸಿ ನೋಡಿ, ಮತ್ತೆ ಏರಿಸಿ. ನೀವು ದಿನಾ ನೋಡುವ ಜಾಗದಲ್ಲೇ ಆ ದೋಷ ಕಾಣಿಸಬೇಕು. ಮುಗಿದ ಮೇಲೆ ಇಂಜೆಕ್ಷನ್ ಮುಚ್ಚಿ. ಬಯಾಸ್ ಅಪ್‌ಡೇಟ್ ಮಾಡಿದಾಗ, ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತು ಹೊಸದು ಹಾಕಿದಾಗ ಸೆಟ್ಟಿಂಗ್ ಮೊದಲಿನಂತಾಗಬಹುದು; ಆ ದಿನವೇ ಡಿಮೆಸೇಜ್ ಸಾಲನ್ನು ಮತ್ತೊಮ್ಮೆ ನೋಡಿ.