ಸಂಬಳದ ಕಾಲುಭಾಗವೋ, ಮೂರನೆಯ ಒಂದು ಭಾಗವೋ: ಬೆಂಗಳೂರಿನ ಬಾಡಿಗೆ ಲೆಕ್ಕ

ಕೈಗೆ 60,000 ರೂಪಾಯಿ ಸಂಬಳ ಬರುವವರು ವೈಟ್‌ಫೀಲ್ಡ್‌ನ ಕಚೇರಿಯ ಬಳಿ 20,000 ರೂಪಾಯಿಯ ಮನೆ ಹಿಡಿಯಬೇಕೋ, ಕೆಂಗೇರಿಯಲ್ಲಿ 15,000 ರೂಪಾಯಿಯ ಮನೆ ಹಿಡಿಯಬೇಕೋ ಎಂಬ ಪ್ರಶ್ನೆಗೆ ಬಾಡಿಗೆಯ ಅಂಕಿಯೊಂದೇ ಉತ್ತರ ಕೊಡಲಾರದು.

ಮೇಲ್ನೋಟಕ್ಕೆ ಕೆಂಗೇರಿಯಲ್ಲಿ ತಿಂಗಳಿಗೆ 5,000 ರೂಪಾಯಿ ಉಳಿಯುತ್ತದೆ. ಆದರೆ 2025ರ ಫೆಬ್ರವರಿಯ ಏರಿಕೆಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 90 ರೂಪಾಯಿಯಾಯಿತು. ಆ ದರದಲ್ಲಿ 22 ದಿನ ಹೋಗಿಬರಲು 3,960 ರೂಪಾಯಿ ಬೇಕಾಗುವುದರಿಂದ, ನಿಜವಾದ ಉಳಿತಾಯ ಸುಮಾರು ಒಂದು ಸಾವಿರಕ್ಕೆ ಇಳಿಯುತ್ತದೆ. ಅಷ್ಟಕ್ಕಾಗಿ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನವೂ ಓಡಾಡುವುದು ನನಗೆ ದುಬಾರಿಯೆಂದೇ ತೋರುತ್ತದೆ. ವಾರಕ್ಕೆ ಎರಡೇ ದಿನ ಕಚೇರಿಗೆ ಹೋಗುವವರಿಗಾದರೆ ಮೂರು ಸಾವಿರಕ್ಕೂ ಹೆಚ್ಚು ಉಳಿಯುವುದರಿಂದ ಕೆಂಗೇರಿಯೇ ಲೇಸು.

ಮುಂಗಡದ ಮಾತು ಬೇರೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಮಾಲೀಕರು ಇಲ್ಲಿ ಇನ್ನೂ ಇದ್ದಾರೆ. ಅಂದರೆ ಒಂದು ಕಡೆ 2 ಲಕ್ಷ, ಇನ್ನೊಂದು ಕಡೆ ಒಂದೂವರೆ ಲಕ್ಷ. ಈ ಹಣವನ್ನು ಸಾಲ ತಂದು ಕಟ್ಟುವವರು ಮತ್ತು ಪ್ರತಿ ತಿಂಗಳು ಊರಿಗೆ ಹಣ ಕಳುಹಿಸುವವರು ಬಾಡಿಗೆಯ ವಿಷಯದಲ್ಲಿ ಸಂಬಳದ ಕಾಲುಭಾಗವನ್ನು ದಾಟದಿರುವುದು ಕ್ಷೇಮ.

ಒಬ್ಬರೇ ಇರುವವರು ಹತ್ತಿರದ ಮನೆಯನ್ನೇ ಇನ್ನೊಬ್ಬರೊಡನೆ ಹಂಚಿಕೊಂಡರೆ ಬಾಡಿಗೆ ಸಂಬಳದ ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಂದೆತಾಯಿ ಅಥವಾ ಮಕ್ಕಳು ಜೊತೆಗಿರುವವರಿಗೆ ಈ ದಾರಿ ಒದಗುವುದಿಲ್ಲ.